ಅವಳ ಇಟ್ಟಿಗೆ ಬಣ್ಣದ ಕಾರು

ಫೆಬ್ರವರಿಯ ಒಂದು ಗುರುವಾರ ಸಂಜೆ, ಫರ್ವಾನಿಯಾದ ನಮ್ಮ ಕಟ್ಟಡದ ಲಿಫ್ಟಿನಲ್ಲಿ, ಮೇಲಿನ ಮನೆಯವಳು ತಾವು ಕುವೈತ್ ಬಿಡುತ್ತಿರುವ ಸುದ್ದಿ ಹೇಳಿದಳು. ಅವಳ ಗಂಡನಿಗೆ ಮಸ್ಕತ್ತಿನ ಹೋಟೆಲೊಂದರಲ್ಲಿ ಈಗಿನದಕ್ಕಿಂತ ದೊಡ್ಡ ಕೆಲಸ ಸಿಕ್ಕಿತ್ತು. ಮಾರ್ಚಿನಲ್ಲಿ ಮಗಳ ಪರೀಕ್ಷೆ ಮುಗಿದ ಕೂಡಲೇ ಹೊರಡುವುದೆಂದು ತೀರ್ಮಾನವಾಗಿತ್ತು. ನಮ್ಮ ಮಹಡಿ ಬಂದು ನಾನು ಇಳಿದಾಗ ಅವಳು ಬಾಗಿಲು ಮುಚ್ಚದಂತೆ ಕೈ ಅಡ್ಡ ಹಿಡಿದು, "ಕಾರು ನಿಮಗೇ ಅಕ್ಕ. ಬೇರೆಯವರಿಗೆ ಕೊಡ್ಲಿಕ್ಕೆ ನಂಗೆ ಮನಸ್ಸೇ ಬರುದಿಲ್ಲ" ಅಂದಳು.

ನಾನು ಏನೋ ಒಂದು ಹೇಳಿ ಮನೆಯೊಳಗೆ ಬಂದೆ. ಚಪ್ಪಲಿ ಬಿಡುವಾಗ ನನ್ನ ಮನಸ್ಸಿನಲ್ಲಿ ಮೊದಲು ಹುಟ್ಟಿದ್ದು ಸಂತೋಷ. ಇನ್ನು ಎಂಟು ವಾರಕ್ಕೆ ಅವಳು ಇಲ್ಲಿರುವುದಿಲ್ಲ ಎಂಬ ಸಂತೋಷ. ಅದರ ಹಿಂದೆಯೇ, ಮಸ್ಕತ್ತಿನಲ್ಲಿ ಬೆಟ್ಟಗಳಿವೆಯಂತೆ, ಅಲ್ಲಿ ಜನ ಮೆತ್ತಗೆ ಮಾತಾಡುತ್ತಾರಂತೆ ಎಂದು ಯಾರೋ ಹೇಳಿದ್ದು ನೆನಪಾಗಿ, ಒಳ್ಳೆಯದೆಲ್ಲ ಇವಳಿಗೇ ಹೇಗೆ ಸಿಗುತ್ತದೆ ಅಂದುಕೊಂಡೆ. ನಾಲ್ಕು ವರ್ಷ ದಿನಾ ಬೆಳಿಗ್ಗೆ ನನ್ನನ್ನೂ ನನ್ನ ಮಗಳನ್ನೂ ಕೂರಿಸಿಕೊಂಡು ಹೋದವಳ ಬಗ್ಗೆ ನನಗೆ ಹುಟ್ಟಿದ ಯೋಚನೆಗಳು ಇವು. ಇದನ್ನು ಮುಚ್ಚಿಟ್ಟು ಬರೆಯುವುದಾದರೆ ಬರೆಯುವುದೇ ಬೇಡ.

ನಾನು ಜಾಬ್ರಿಯಾದ ಖಾಸಗಿ ಕ್ಲಿನಿಕ್ಕೊಂದರಲ್ಲಿ ಲ್ಯಾಬ್ ಟೆಕ್ನಿಶಿಯನ್. ನನ್ನ ಗಂಡ ಸಿವಿಲ್ ಎಂಜಿನಿಯರ್. ಮರುಭೂಮಿಯ ಕಡೆಯ ಸೈಟುಗಳಿಗೆ ಅವರು ಬೆಳಕು ಹರಿಯುವ ಮುಂಚೆಯೇ ಕಂಪನಿಯ ಪಿಕಪ್ಪಿನಲ್ಲಿ ಹೊರಟುಬಿಡುತ್ತಿದ್ದರು. ಆ ಗಾಡಿಯನ್ನು ಮನೆಯವರು ಮುಟ್ಟುವ ಹಾಗಿರಲಿಲ್ಲ. ಹಾಗಾಗಿ ನಮಗೆ ನಮ್ಮದು ಅನ್ನುವ ಕಾರಿರಲಿಲ್ಲ. ಮೇಲಿನ ಮನೆಯವಳು ಕೆಲಸ ಮಾಡುತ್ತಿದ್ದದ್ದು ನನ್ನ ಕ್ಲಿನಿಕ್ಕಿನಿಂದ ಎರಡು ಬೀದಿ ಆಚೆಯ ಹಲ್ಲಿನ ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ. ಅವಳ ಆರು ವರ್ಷದ ಮಗಳೂ ನನ್ನ ಹತ್ತು ವರ್ಷದ ಮಗಳೂ ಸಲ್ವಾದ ಒಂದೇ ಶಾಲೆಗೆ ಹೋಗುತ್ತಿದ್ದರು. ಆರೂಕಾಲಿಗೆ ಕೆಳಗಿಳಿದರೆ ಆರನೇ ರಿಂಗ್ ರಸ್ತೆ ಹಿಡಿದು ಮೊದಲು ಸಲ್ವಾ, ಮಕ್ಕಳನ್ನಿಳಿಸಿ ಅಲ್ಲಿಂದ ಜಾಬ್ರಿಯಾ. ಅವಳ ಆಸ್ಪತ್ರೆ ಮಧ್ಯಾಹ್ನ ಮೂರು ತಾಸು ಮುಚ್ಚುತ್ತಿತ್ತು. ಆ ಹೊತ್ತಿಗೆ ಅವಳೇ ಹೋಗಿ ಇಬ್ಬರು ಮಕ್ಕಳನ್ನೂ ಕರೆತಂದು, ಊಟ ಹಾಕಿ, ಪಾಳಿ ಮುಗಿಸಿ ಬಂದ ತನ್ನ ಗಂಡನ ಬಳಿ ಬಿಟ್ಟು, ಪುನಃ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ನಾನು ಬಸ್ಸಿನಲ್ಲಿ ಬಂದು ಮಗಳನ್ನು ಕೆಳಗೆ ಕರೆದುಕೊಂಡು ಬರುತ್ತಿದ್ದೆ. ಪೆಟ್ರೋಲಿನ ಪಾಲು ಕೊಡಲು ಹೋದರೆ ಅವಳು ತೆಗೆದುಕೊಳ್ಳುತ್ತಿರಲಿಲ್ಲ. ತೆಗೆದುಕೊಂಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅವಳು ಉಡುಪಿಯ ಕಡೆಯವಳು. ಮನೆಮಾತು ತುಳು. ಕಾರು ಜಪಾನಿನದು, ಎತ್ತರದ ಪುಟ್ಟ ಎಸ್‌ಯುವಿ, ಚೆನ್ನಾಗಿ ಬೆಂದ ಇಟ್ಟಿಗೆಯ ಬಣ್ಣ. ಬಿಳಿ ಮತ್ತು ಬೂದು ಗಾಡಿಗಳೇ ತುಂಬಿರುವ ಈ ಊರಿನಲ್ಲಿ ಅದನ್ನು ಎಲ್ಲಿ ನಿಲ್ಲಿಸಿದರೂ ಹುಡುಕಬೇಕಾಗಿರಲಿಲ್ಲ. ಅವಳು ಅದನ್ನು ಓಡಿಸುವುದನ್ನು ನೋಡಬೇಕು. ಆರನೇ ರಿಂಗ್ ರಸ್ತೆಯಲ್ಲಿ ದೊಡ್ಡ ದೊಡ್ಡ ಗಾಡಿಗಳು ಹಿಂದಿನಿಂದ ದೀಪ ಹೊಡೆಯುತ್ತಾ ಮೈಮೇಲೆ ಬರುವಾಗಲೂ ಅವಳು ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಇನ್ನೊಂದರಲ್ಲಿ ಹಿಂದೆ ಕೂತ ಮಕ್ಕಳಿಗೆ ಕಡಲೆಕಾಯಿ ಚಿಕ್ಕಿ ದಾಟಿಸುತ್ತಾ, ನಗುತ್ತಾ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದಳು. ನಾನು ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲಕ್ಕೆ, ಹಿಂದಿನ ನವೆಂಬರಿನಲ್ಲಿ ಪಾಸಾಗಿದ್ದೆ. ಆ ದಿನ ಅವಳೇ ಪಾಯಸ ಮಾಡಿ ತಂದುಕೊಟ್ಟಿದ್ದಳು. ಪಾಯಸ ಚೆನ್ನಾಗಿತ್ತು. ಅದಕ್ಕೂ ನನಗೆ ಹೊಟ್ಟೆ ಉರಿದಿತ್ತು.

ಆದರೆ ಕಾರಾಗಲಿ ಪಾಯಸವಾಗಲಿ ನನ್ನನ್ನು ನಿಜವಾಗಿ ಸುಟ್ಟದ್ದಲ್ಲ. ನನ್ನ ಮಗಳು ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಊಟ ಮಾಡ್ತೀಯಾ ಅಂದರೆ "ನಾಟ್ ನೌ", ಶಾಲೇಲಿ ಏನಾಯ್ತು ಅಂದರೆ "ನಥಿಂಗ್". ಇಲ್ಲಿ ಹುಟ್ಟಿ ಬೆಳೆದ ಮಕ್ಕಳೆಲ್ಲ ಹೀಗೇ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಅದೇ ಮಗಳು ಬೆಳಿಗ್ಗೆ ಆ ಕಾರಿನ ಬಾಗಿಲು ತೆಗೆದ ಕೂಡಲೇ "ಚಿಕ್ಕಿ, ಇವತ್ತು ಎಂಥ ತಿಂಡಿ ಮಾಡಿದ್ದು?" ಎಂದು ಶುರು ಮಾಡುತ್ತಿದ್ದಳು. ಚಿಕ್ಕಮ್ಮನಿಗೆ ಅವಳ ಕಡೆಯವರು ಚಿಕ್ಕಿ ಅನ್ನುತ್ತಾರಂತೆ. ನಮ್ಮ ಮೈಸೂರಿನ ಕಡೆ ಆ ಅರ್ಥದಲ್ಲಿ ಆ ಪದ ಇಲ್ಲ. ಸಲ್ವಾ ಮುಟ್ಟುವವರೆಗೂ ಇಬ್ಬರಿಗೂ ಮಾತೇ ಮಾತು. ನಡುವೆ ತುಳುವೂ ಬರುತ್ತಿತ್ತು. ನಾನು ಮುಂದಿನ ಸೀಟಿನಲ್ಲಿ ಕೂತು, ನನ್ನ ಮಗಳ ಶಾಲೆಯ ಸುದ್ದಿಯನ್ನೆಲ್ಲ, ಯಾರೊಂದಿಗೆ ಜಗಳವಾಯಿತು, ಯಾವ ಟೀಚರ್ ಹೊಗಳಿದರು ಎಂಬುದನ್ನೆಲ್ಲ, ಪಕ್ಕದ ಮನೆಯ ರೇಡಿಯೊ ಕೇಳಿದ ಹಾಗೆ ಕೇಳಿಸಿಕೊಳ್ಳುತ್ತಿದ್ದೆ. ಅವಳ ಮಗಳೋ, ನನ್ನನ್ನು ಕಂಡರೆ "ಗುಡ್ ಮಾರ್ನಿಂಗ್ ಆಂಟಿ" ಅಂದು ಸುಮ್ಮನಾಗುತ್ತಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ನನ್ನ ಗಂಡನಿಗೆ ಕಾರಿನ ವಿಷಯ ಹೇಳಿದೆ. ಅವರಿಗೆ ಎಲ್ಲಿಲ್ಲದ ಉತ್ಸಾಹ. ಕಣ್ಣೆದುರಿಗೇ ಓಡಿದ ಗಾಡಿ, ಪ್ರತಿ ಸರ್ವಿಸಿನ ಚೀಟಿಯೂ ಇದೆ, ಜುಲೈ ತಿಂಗಳ ನಡು ಮಧ್ಯಾಹ್ನದಲ್ಲೂ ಎ.ಸಿ. ತಣ್ಣಗೆ ಬೀಸುತ್ತದೆ, ಇನ್ನೇನು ನೋಡಬೇಕು ಅಂದರು. ಅವಳ ಗಂಡ ಹೇಳಿದ ಬೆಲೆಯೂ ಮಾರ್ಕೆಟ್ಟಿಗಿಂತ ಕಡಿಮೆಯೇ ಇತ್ತು. ನಾನು, ನಾಲ್ಕಾರು ಗಾಡಿ ನೋಡದೆ ತೆಗೆದುಕೊಳ್ಳುವುದು ದಡ್ಡತನ ಅಂದೆ. ಬಣ್ಣ ನನಗೆ ಹಿಡಿಸುವುದಿಲ್ಲ ಅಂತಲೂ ಅಂದೆ. ಅವರು ಆಶ್ಚರ್ಯದಿಂದ ನೋಡಿದರು. ಆ ಬಣ್ಣ ಚೆನ್ನಾಗಿದೆ ಎಂದು ಹಿಂದೊಮ್ಮೆ ನಾನೇ ಅಂದಿದ್ದೆನಂತೆ.

ಹಾಗೆ ಎರಡು ಶುಕ್ರವಾರ ನಾವು ಕಾರು ನೋಡಲು ತಿರುಗಿದೆವು. ಶುವೈಖಿನ ಶೋರೂಮೊಂದರಲ್ಲಿ ಕಡುನೀಲಿ ಬಣ್ಣದ್ದೊಂದಿತ್ತು. ಸೀಟಿಗೆ ಇನ್ನೂ ಪ್ಲಾಸ್ಟಿಕ್ ಹಾಕಿದ್ದರು, ಒಳಗೆಲ್ಲ ಅತ್ತರಿನ ವಾಸನೆ. ಓಡಿದ್ದು ಬಹಳ ಕಡಿಮೆ ಎಂದು ಮೀಟರು ತೋರಿಸುತ್ತಿತ್ತು. ನನ್ನ ಗಂಡ ಬಗ್ಗಿ ಬ್ರೇಕ್ ಪೆಡಲಿನ ರಬ್ಬರು ನೋಡಿದರು. ಅದು ಸವೆದು ನುಣ್ಣಗಾಗಿತ್ತು. ಇಷ್ಟು ಕಡಿಮೆ ಓಡಿದ ಗಾಡಿಯ ಪೆಡಲು ಹೀಗಿರುವುದಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿ ಹೊರಗೆ ಬಂದರು. ಇನ್ನೊಂದು ಸಲ್ವಾದ ವಿಲ್ಲಾವೊಂದರ ಮುಂದೆ ನಿಂತಿದ್ದ ಬೂದು ಗಾಡಿ. ಅದರ ಒಡತಿ ನಿವೃತ್ತ ಶಿಕ್ಷಕಿ, ಕುವೈತಿ ಹೆಂಗಸು. ನಮಗೆ ಏಲಕ್ಕಿ ಹಾಕಿದ ಕಾಫಿ ಕೊಟ್ಟು ಕೂರಿಸಿದಳು. ಅವಳ ಕಾರಿನ ಎ.ಸಿ. ಸ್ವಲ್ಪ ಸದ್ದು ಮಾಡುತ್ತಿತ್ತು, ಮುಂದಿನ ಬಂಪರಿನಲ್ಲಿ ಗೀರುಗಳಿದ್ದವು, ಮಾದರಿಯೂ ಎರಡು ವರ್ಷ ಹಳೆಯದು. ನಾನು ಅದನ್ನು ಬಾಯಿತುಂಬ ಹೊಗಳಿದೆ. ಹಿಂದಿರುಗುವಾಗ ನನ್ನ ಗಂಡ, ಮೇಲಿನ ಮನೆಯವರ ಕಾರನ್ನು ಒಮ್ಮೆ ಮೆಕ್ಯಾನಿಕ್ಕಿಗೆ ತೋರಿಸಿಬಿಡೋಣ, ಆಮೇಲೆ ನಿನಗೆ ಯಾವುದು ಬೇಕೋ ಅದು ಅಂದರು. ಶುವೈಖಿನಲ್ಲಿ ಅವರ ಕಂಪನಿಯ ಗಾಡಿಗಳನ್ನೆಲ್ಲ ನೋಡುವ ಮುದುಕನೊಬ್ಬನಿದ್ದ, ಪೆಶಾವರದ ಕಡೆಯವನು. ಅವನ ಮಾತಿನ ಮೇಲೆ ಇವರಿಗೆ ನಂಬಿಕೆ.

ಶನಿವಾರ ಇವರಿಗೆ ಸೈಟಿಗೆ ಹೋಗಲೇಬೇಕಾಯಿತು. ನಾನೊಬ್ಬಳೇ ಹೋಗುತ್ತೇನೆ ಅಂದೆ. ಕೀ ಕೇಳಲು ಹೋದಾಗ ಅವಳು ಯಾಕೆ, ಏನು ಎಂದು ಕೇಳಲಿಲ್ಲ. ಬಾಗಿಲ ಹಿಂದಿನ ಮೊಳೆಯಿಂದ ತೆಗೆದು ಕೈಗಿಟ್ಟಳು. ಯಾರು ನೋಡಿದರೂ ಹೇಳುತ್ತಾರೆ ಅದು ಒಳ್ಳೆಯ ಗಾಡಿ ಎಂಬ ಧೈರ್ಯ ಅವಳ ಮುಖದಲ್ಲಿತ್ತು. ಅದರಲ್ಲಿ ಏನಾದರೂ ಕೊಳಕು ಹೊರಬರಲಿ ಎಂದು ಬೇಡಿಕೊಳ್ಳುತ್ತಾ ನಾನು ಮೆಟ್ಟಿಲಿಳಿದೆ.

ಅವಳು ನನಗಿಂತ ಒಂದು ಗೇಣು ಎತ್ತರ. ಸೀಟನ್ನು ಮುಂದೆ ಎಳೆದುಕೊಂಡೆ, ಎತ್ತರಿಸಿದೆ, ಮೂರೂ ಕನ್ನಡಿಗಳನ್ನು ನನ್ನ ಕಣ್ಣಿಗೆ ಬೇಕಾದಂತೆ ತಿರುಗಿಸಿದೆ. ಗಾಡಿ ಹೊರಟಾಗ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದೆ. ಶನಿವಾರದ ಬೆಳಿಗ್ಗೆ, ರಸ್ತೆ ಖಾಲಿ. ಏರ್‌ಪೋರ್ಟ್ ರಸ್ತೆಗೆ ಬಂದ ಮೇಲೆ ನನ್ನ ಕೈಗಳು ತಾವಾಗಿ ಸಡಿಲವಾದವು. ಕಾರು ಎಷ್ಟು ಹಗುರಾಗಿ ಹೋಗುತ್ತಿತ್ತೆಂದರೆ ನಾನು ಅದರ ಒಡತಿಯನ್ನು ಮರೆತೆ. ಗಾಜು ಇಳಿಸಿದೆ. ತಣ್ಣನೆ ಗಾಳಿ ಬಂತು. ಆ ಹದಿನೈದು ನಿಮಿಷ ನಾನು ಯಾರ ಮೇಲೂ ಕರುಬದೆ ಕಳೆದೆ, ಮತ್ತು ನನಗೆ ಆ ಕಾರು ಬೇಕೆನಿಸಿತು. ಗ್ಯಾರೇಜು ಕಂಡ ಕೂಡಲೇ ಹಳೆಯ ಬುದ್ಧಿ ವಾಪಸು ಬಂತು.

ಮುದುಕ ಬಾನೆಟ್ ಎತ್ತಿ ನೋಡಿದ, ಅಡಿಗೆ ನುಸುಳಿ ನೋಡಿದ, ಒಂದು ಸುತ್ತು ಓಡಿಸಿಯೂ ಬಂದ. ಎಂಜಿನ್ನಿಗೆ ಏನೂ ಆಗಿಲ್ಲ ಅಂದ. ಆಮೇಲೆ ಬಣ್ಣದ ದಪ್ಪ ಅಳೆಯುವ ಪುಟ್ಟ ಯಂತ್ರವೊಂದನ್ನು ಬಾಗಿಲುಗಳಿಗೆ ಒತ್ತುತ್ತಾ ಬಂದವನು ಎಡಗಡೆಯ ಹಿಂದಿನ ಬಾಗಿಲಲ್ಲಿ ನಿಂತುಬಿಟ್ಟ. ಪುನಃ ಒತ್ತಿದ. ರಬ್ಬರ್ ಪಟ್ಟಿ ಎಳೆದು ಒಳಗೆ ಬೆರಳಾಡಿಸಿದ.

"ಛೋಟಾ ಕಾಮ್ ಹುವಾ ಹೈ, ಬೆಹನ್" ಅಂದ. ಯಾವಾಗಲೋ ಪೆಟ್ಟು ಬಿದ್ದಿದೆ, ಈ ಬಾಗಿಲು ಮಾತ್ರ ತಟ್ಟಿ ಬಣ್ಣ ಹೊಡೆದಿದ್ದಾರೆ, ಒಳಗಿನ ಕಂಬಕ್ಕೆ, ಚೌಕಟ್ಟಿಗೆ ಏನೂ ಆಗಿಲ್ಲ, ಕಣ್ಣು ಮುಚ್ಚಿ ತಗೊಳ್ಳಿ ಎಂದು ಅವನ ಉರ್ದುವಿನಲ್ಲಿ ವಿವರಿಸಿದ. ನನಗೆ ಕೇಳಿಸಿದ್ದು ಪೆಟ್ಟು ಬಿದ್ದಿದೆ ಎನ್ನುವುದಷ್ಟೇ. ನಾಲ್ಕು ವರ್ಷದಲ್ಲಿ ಅವಳು ಅದರ ಬಗ್ಗೆ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಅವಳಲ್ಲಿಯೂ ಒಂದು ಸುಳ್ಳು ಇತ್ತು. ಪರೀಕ್ಷೆಯಲ್ಲಿ ಮೊದಲ ರ‍್ಯಾಂಕಿನವಳ ಉತ್ತರಪತ್ರಿಕೆಯಲ್ಲಿ ತಪ್ಪು ಕಂಡುಹಿಡಿದವಳ ಹಾಗೆ ನಾನು ಹಿಗ್ಗಿಹೋದೆ.

ಸಂಜೆ ನನ್ನ ಗಂಡ ಬಂದಾಗ, ಗಾಡಿಯ ಹಿಂದಿನ ಭಾಗ ಪೂರ್ತಿ ಹೊಡೆಸಿಕೊಂಡಿದೆಯಂತೆ, ಅವಳು ನಮ್ಮಿಂದ ಮುಚ್ಚಿಟ್ಟಿದ್ದಾಳೆ ಅಂದೆ. ಮುದುಕ ಹೇಳಿದ ಉಳಿದ ಮಾತನ್ನು ನುಂಗಿದೆ. ಬೇಕೆಂದೇ ನುಂಗಿದೆ. ಅವರು ಕೈಕಾಲು ತೊಳೆದು ಬಂದು ಕೂತು, ಮೇಲಿನ ಮನೆಯವರು ಅಂಥ ಜನ ಅಲ್ಲವಲ್ಲ, ಕೇಳಿ ನೋಡೋಣ ಅಂದರು. ಕೇಳುವುದೇನಿದೆ, ಬೂದು ಗಾಡಿಯನ್ನೇ ಮಾತಾಡಿಬಿಡೋಣ ಎಂದು ನಾನು ಹೇಳುತ್ತಿರುವಾಗಲೇ ಬೆಲ್ಲಾಯಿತು. ಅವಳೇ ಬಂದಿದ್ದಳು, ಸರ್ವಿಸ್ ಚೀಟಿಗಳ ಫೈಲನ್ನೂ, ಇಲ್ಲಿ ದಫ್ತರ್ ಅನ್ನುವ ಕಾರಿನ ನೋಂದಣಿ ಕಾರ್ಡನ್ನೂ ಕೈಯಲ್ಲಿ ಹಿಡಿದುಕೊಂಡು. ನನ್ನ ಮಗಳು ಅವಳ ದನಿ ಕೇಳಿ ಕೋಣೆಯಿಂದ ಓಡಿ ಬಂದಳು.

ನಾನು ಅವಳಿಗೆ ಕೂರು ಅನ್ನಲೂ ಇಲ್ಲ. "ಎಡಗಡೆ ಹಿಂದಿನ ಬಾಗಿಲಿಗೆ ಯಾವಾಗ ಪೇಂಟ್ ಮಾಡಿಸಿದ್ದು?" ಎಂದು ಕೇಳಿದೆ.

ಅವಳ ಮುಖ ಬಿಳಿಚಿತು. ಅವಳು ನನ್ನ ಮಗಳ ಕಡೆ ನೋಡಿದಳು. ಮಗಳು ಅವಳನ್ನು ನೋಡಿದಳು. ಆ ಒಂದು ನೋಟದಲ್ಲಿ ನನಗೆ ಗೊತ್ತಿಲ್ಲದ್ದೇನೋ ಅವರಿಬ್ಬರ ನಡುವೆ ಓಡಾಡಿತು. ಬಾಗಿಲ ಬಣ್ಣಕ್ಕಿಂತ ಆ ನೋಟ ನನ್ನನ್ನು ಹೆಚ್ಚು ಚುಚ್ಚಿತು.

"ಅದು ನಾನು ಮಾಡಿದ್ದು ಅಮ್ಮ" ಅಂದಳು ಮಗಳು. ಕನ್ನಡದಲ್ಲಿ ಅಂದಳು.

ಆಮೇಲೆ ಅವಳು, ಮೇಲಿನ ಮನೆಯವಳು, ತಡವರಿಸುತ್ತಾ ಹೇಳಿದಳು. ಎರಡು ವರ್ಷದ ಹಿಂದೆ, ಶಾಲೆ ಬಿಟ್ಟ ಮೇಲೆ, ಗೇಟಿನ ಮುಂದೆ ಕಾರು ನಿಲ್ಲಿಸಿಕೊಂಡು ಅವಳ ಮಗಳ ಬರುವಿಕೆಗೆ ಕಾಯುತ್ತಿದ್ದಾಗ, ಕಿಟಕಿಯಿಂದ ಯಾರೋ ಗೆಳತಿಯನ್ನು ಕಂಡ ನನ್ನ ಮಗಳು ರಸ್ತೆಯ ಕಡೆಯ ಬಾಗಿಲನ್ನು ಒಮ್ಮೆಗೇ ತೆಗೆದಳಂತೆ. ಪಕ್ಕದಲ್ಲೇ ಹೋಗುತ್ತಿದ್ದ ಬಸ್ಸು ಬಾಗಿಲನ್ನು ಬಡಿದು ಮುಂದೆ ಹೋಗಿ ನಿಂತಿತು. ಮಗಳ ಕಾಲು ಇನ್ನೂ ಒಳಗೇ ಇತ್ತು. ಬಸ್ಸಿಗೂ ಏನೂ ಆಗಲಿಲ್ಲ. ಮೂರು ದಿನ ಕಾರು ಸರ್ವಿಸಿಗೆ ಹೋಗಿದೆ ಎಂದು ನಮಗೆ ಹೇಳಿದ್ದು ಆಗಲೇ.

"ತಪ್ಪಾಯ್ತು ಅಕ್ಕ" ಅಂದಳು. "ನಾನು ಹೇಳ್ಬೇಕಿತ್ತು. ಇವಳು ಬೇಡ ಅಂತ ಅತ್ತಳು, ನಾನು ಸುಮ್ಮನಾದೆ. ಅದು ತಪ್ಪೇ."

ಮಗಳ ಕಾಲು ಹೊರಗಿದ್ದಿದ್ದರೆ ಎಂಬ ಚಿತ್ರ ಕಣ್ಣ ಮುಂದೆ ಬಂತು. ಅದನ್ನು ತಾಯಿಗೆ ಹೇಳದೆ ಇಟ್ಟುಕೊಳ್ಳುವ ಹಕ್ಕು ಇವಳಿಗೆ ಯಾರು ಕೊಟ್ಟರು ಎಂದು ಸಿಟ್ಟು ಬಂತು. ಆ ಸಿಟ್ಟು ನ್ಯಾಯವಾದದ್ದೇ, ಇವತ್ತಿಗೂ ಹಾಗೇ ಅನ್ನುತ್ತೇನೆ. ಆದರೆ ಅದರ ಅಡಿಯಲ್ಲಿ ಇನ್ನೊಂದು ಕುದಿಯುತ್ತಿತ್ತು. ಎರಡು ವರ್ಷ ನನ್ನ ಮಗಳು ಒಂದು ಗುಟ್ಟನ್ನು ಇವಳೊಂದಿಗೆ ಹಂಚಿಕೊಂಡು, ದಿನಾ ಬೆಳಿಗ್ಗೆ ನನ್ನ ಬೆನ್ನ ಹಿಂದೆಯೇ ಕೂತಿದ್ದಳು. ನಾನು ಬಾಯಿಗೆ ಬಂದದ್ದು ಆಡಿದೆ. ಮಕ್ಕಳಿಗೆ ಸುಳ್ಳು ಕಲಿಸುತ್ತೀಯ, ಆ ಸುಳ್ಳಿನ ಮೇಲೆ ಬಣ್ಣ ಬಳಿದು ಅದನ್ನೇ ನಮಗೆ ಮಾರಲು ಬಂದಿದ್ದೀಯ ಅಂದೆ. ನನ್ನ ಗಂಡ "ಸಾಕು" ಅಂದರು. ಅವಳು ಫೈಲನ್ನು ಮೇಜಿನ ಮೇಲಿಟ್ಟು, ಮತ್ತೆ ಏನೋ ಯೋಚಿಸಿ ಅದನ್ನು ಎತ್ತಿಕೊಂಡು ಹೋದಳು.

ಮರುದಿನ ಭಾನುವಾರ, ವಾರದ ಮೊದಲ ದಿನ. ಆರೂಕಾಲಿಗೆ ಇಟ್ಟಿಗೆ ಬಣ್ಣದ ಕಾರು ಎಂದಿನಂತೆ ಕೆಳಗೆ ನಿಂತಿತ್ತು. ನಾನು ಕಿಟಕಿಯಿಂದ ನೋಡಿ, ಹತ್ತು ನಿಮಿಷ ತಡ ಮಾಡಿ, ಅದು ಹೋದ ಮೇಲೆ ಮಗಳ ಕೈ ಹಿಡಿದು ಕೆಳಗಿಳಿದು ಟ್ಯಾಕ್ಸಿ ಹತ್ತಿದೆ. ಅವಳು ಕಿಟಕಿಗೆ ಹಣೆ ಒತ್ತಿಕೊಂಡು ಕೂತಳು. ಆರನೇ ರಿಂಗ್ ರಸ್ತೆಯಲ್ಲಿ ಟ್ರಾಫಿಕ್ಕು ಕಟ್ಟಿಕೊಂಡು ಗಾಡಿಗಳು ತೆವಳುತ್ತಿದ್ದವು. ಡ್ರೈವರು ಬಂಗಾಳಿ; ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದ.

ಬಹಳ ಹೊತ್ತಿನ ಮೇಲೆ ಅವಳು ಮಾತಾಡಿದಳು. ನಾನು ಏನೂ ಕೇಳಿರಲಿಲ್ಲ. "ಬಸ್ಸು ಹೊಡೆದಾಗ ನಾನು ಅಳ್ಲಿಲ್ಲ ಅಮ್ಮ. ಚಿಕ್ಕಿ ಅತ್ರು. ಫುಟ್‌ಪಾತಲ್ಲಿ ಕೂತ್ಬಿಟ್ರು. ಕೈ ಹೀಗೆ ಹೀಗೆ ಆಗ್ತಿತ್ತು" ಎಂದು ತನ್ನ ಕೈ ನಡುಗಿಸಿ ತೋರಿಸಿದಳು. ಆ ದಿನ ಚಿಕ್ಕಿ ಅರ್ಧ ತಾಸು ಸ್ಟೀರಿಂಗ್ ಮುಟ್ಟಲಿಲ್ಲವಂತೆ. ಅಮ್ಮನಿಗೆ ಫೋನ್ ಮಾಡುವಾ ಎಂದು ಎರಡು ಸಲ ಫೋನ್ ತೆಗೆದರಂತೆ. ಎರಡು ಸಲವೂ ಇವಳೇ ಕಿತ್ತುಕೊಂಡಳಂತೆ.

ಯಾಕೆ ಕಿತ್ತುಕೊಂಡೆ ಎಂದು ಕೇಳಿದೆ.

"ನೀನು ಆಮೇಲೆ ಆ ಕಾರಲ್ಲಿ ಕಳಿಸ್ತಿರ್ಲಿಲ್ಲ. ನಿನಗೆ ಚಿಕ್ಕಿ ಕಂಡ್ರೆ ಆಗಲ್ಲ. ನಂಗೊತ್ತು."

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ನಾಳೆ ಗಣಿತದ ಟೆಸ್ಟಿದೆ ಎನ್ನುವ ಹಾಗೆ ಹೇಳಿದಳು. ನಾನು ನಾಲ್ಕು ವರ್ಷ ಯಾರಿಗೂ ಕಾಣದಂತೆ ಮಡಿಸಿ ಇಟ್ಟುಕೊಂಡಿದ್ದೇನೆ ಅಂದುಕೊಂಡಿದ್ದನ್ನು ಆರು ವರ್ಷದವಳಿದ್ದಾಗಿನಿಂದ ಆ ಮಗು ಹಿಂದಿನ ಸೀಟಿನಿಂದ ನೋಡುತ್ತಾ ಬಂದಿತ್ತು. ಶಾಲೆಯ ಗೇಟಿನಲ್ಲಿ ಇಳಿಯುವ ಮೊದಲು ಅವಳು ತಿರುಗಿ ಹಿಂದೆ ಯಾವುದಾದರೂ ಗಾಡಿ ಬರುತ್ತಿದೆಯೇ ಎಂದು ನೋಡಿ, ಫುಟ್‌ಪಾತಿನ ಕಡೆಯ ಬಾಗಿಲನ್ನೇ ಮೆಲ್ಲಗೆ ತೆಗೆದಳು. ಅದನ್ನು ಅವಳಿಗೆ ಕಲಿಸಿದ್ದು ನಾನಲ್ಲ.

ಆ ದಿನ ಲ್ಯಾಬಿನಲ್ಲಿ ಒಬ್ಬರ ಕೈಗೆ ಎರಡು ಸಲ ಸೂಜಿ ಚುಚ್ಚಬೇಕಾಯಿತು. ನನ್ನ ಕೆಲಸದಲ್ಲಿ ಹಾಗಾಗುವುದು ಅಪರೂಪ.

ಸಂಜೆ ಗಂಡನಿಗೆ ಎಲ್ಲ ಹೇಳಿದೆ. ಮುದುಕ ನಿಜವಾಗಿ ಏನು ಹೇಳಿದ್ದ, ನಾನು ಏನು ನುಂಗಿದೆ, ಯಾಕೆ ನುಂಗಿದೆ ಎಲ್ಲವನ್ನೂ. ಹೊಟ್ಟೆಕಿಚ್ಚು ಎಂಬ ಪದವನ್ನು ನನ್ನ ಬಗ್ಗೆ ನಾನೇ ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಅವರು ಬೈಯುತ್ತಾರೆ, ಇಲ್ಲವೇ ಸಮಾಧಾನ ಮಾಡುತ್ತಾರೆ ಎಂದು ಕಾದೆ. ಅವರು ಎರಡನ್ನೂ ಮಾಡದೆ, ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, "ಹಾಗಾದ್ರೆ ಗಾಡಿ ಚೆನ್ನಾಗೇ ಇದೆ ತಾನೆ?" ಎಂದು ಕೇಳಿದರು. ಅಷ್ಟು ಸಂಕಟದಲ್ಲೂ ನನಗೆ ನಗು ಬಂತು. ಹೌದು, ಚೆನ್ನಾಗಿದೆ ಅಂದೆ. ಹಾಗಾದರೆ ಹೋಗಿ ತಪ್ಪಾಯಿತೆಂದು ಹೇಳಿ ಬಾ, ಕಾರಿನ ಮಾತು ಆಮೇಲೆ ಅಂದರು.

ಹೋಗಲು ನನಗೆ ಇನ್ನೂ ಮೂರು ದಿನ ಬೇಕಾಯಿತು. ಆ ಮೂರು ದಿನವೂ ಕಾರು ಆರೂಕಾಲಿಗೆ ಕೆಳಗೆ ಬಂದು, ಐದು ನಿಮಿಷ ಕಾದು ಹೊರಟುಹೋಗುತ್ತಿತ್ತು. ಭಾನುವಾರದಿಂದ ಮಧ್ಯಾಹ್ನವೂ ನಾನೇ ಅರ್ಧ ದಿನ ರಜೆ ಹಾಕಿ ಮಗಳನ್ನು ಟ್ಯಾಕ್ಸಿಯಲ್ಲಿ ಕರೆತರುತ್ತಿದ್ದೆ.

ಬುಧವಾರ ಸಂಜೆ ಅವಳಿಗೆ ರಜೆ. ಮೇಲೆ ಹೋದಾಗ ಬಾಗಿಲು ತೆರೆದೇ ಇತ್ತು, ಒಳಗೆ ರಟ್ಟಿನ ಪೆಟ್ಟಿಗೆಗಳು. ಅವಳು ನೆಲದ ಮೇಲೆ ಕೂತು ಪಾತ್ರೆಗಳಿಗೆ ಪೇಪರು ಸುತ್ತುತ್ತಿದ್ದಳು. ಬನ್ನಿ ಅಂದಳು, ಆದರೆ ಏಳಲಿಲ್ಲ. ನಾನೂ ಎದುರಿಗೆ ನೆಲದ ಮೇಲೆ ಕೂತೆ. ಕಾರಿಗೆ ಆದದ್ದು ಸಣ್ಣ ಕೆಲಸ ಎಂದು ಮೆಕ್ಯಾನಿಕ್ ಹೇಳಿದ್ದನ್ನೂ, ನಾನು ಅದನ್ನು ದೊಡ್ಡದು ಮಾಡಿದ್ದನ್ನೂ ಹೇಳಿದೆ. ಅವಳು ಪೇಪರು ಸುತ್ತುವುದನ್ನು ನಿಲ್ಲಿಸಲಿಲ್ಲ.

"ಮೊದಲನೇ ದಿನದಿಂದಲೂ ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚಿತ್ತು" ಅಂದೆ. "ನನ್ನ ಮಗಳು ನಿನ್ನ ಹತ್ರ ಮಾತಾಡೋ ಹಾಗೆ ನನ್ನ ಹತ್ರ ಮಾತಾಡಲ್ಲ."

ಅವಳು ತಲೆ ಎತ್ತಿದಳು. ಇಂಥ ಸಂದರ್ಭದಲ್ಲಿ ನಗುವುದು ಅವಳ ಸ್ವಭಾವ. ಈ ಸಲ ನಗಲಿಲ್ಲ. "ನಂಗೆ ಗೊತ್ತೇ ಇರ್ಲಿಲ್ಲ ಅಕ್ಕ" ಅಂದಳು. "ನೀವು ಮಾತು ಕಡಿಮೆ ಅಂತ ಮಾತ್ರ ಅಂದ್ಕೊಂಡಿದ್ದೆ." ಅದನ್ನು ಹೇಳುವಾಗ ಅವಳ ಕಣ್ಣು ತುಂಬಿತು. ನಾಲ್ಕು ವರ್ಷದ ಬೆಳಗುಗಳನ್ನೆಲ್ಲ ಅವಳು ಹಿಂದಕ್ಕೆ ಹೋಗಿ ಪುನಃ ನೋಡುತ್ತಿದ್ದಾಳೆ, ಪ್ರತಿಯೊಂದೂ ಕೊಂಚ ಕೊಂಚ ಕೆಡುತ್ತಿದೆ ಎಂದು ನನಗನಿಸಿತು. ಸತ್ಯ ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂದು ನಂಬಿ ಹೋಗಿದ್ದೆ. ನನ್ನದೇನೋ ಹಗುರಾಯಿತು. ಅವಳದು ಭಾರವಾಯಿತು.

ಆಮೇಲೆ ಅವಳು ಕಾರಿನ ಮಾತು ತೆಗೆದಳು. ಭಾನುವಾರದ ನಂತರ ನಾವು ತೆಗೆದುಕೊಳ್ಳುವುದಿಲ್ಲ ಎಂದೇ ತಿಳಿದು, ಜಾಬ್ರಿಯಾದ ದೊಡ್ಡ ಆಸ್ಪತ್ರೆಯ ನರ್ಸ್ ಒಬ್ಬಳಿಗೆ ಮಾತು ಕೊಟ್ಟುಬಿಟ್ಟಿದ್ದಳು. ಬಾಗಿಲಿಗೆ ಪೆಟ್ಟಾದದ್ದನ್ನು ಅವಳಿಗೆ ಮೊದಲೇ ಹೇಳಿದ್ದಳಂತೆ. ನಿಮಗೆ ಬೇಕಿದ್ದರೆ ಅವಳನ್ನು ಕೇಳಿ ನೋಡುತ್ತೇನೆ ಅಂದಳು. ಬೇಡ, ಕೊಟ್ಟ ಮಾತು ಹಾಗೇ ಇರಲಿ ಅಂದೆ. ಬಾಯಲ್ಲಿ ಹಾಗೆ ಅಂದರೂ, ಮುಖವನ್ನೇ ನೋಡಿರದ ಆ ನರ್ಸಿನ ಮೇಲೆ ಒಳಗೆ ಒಂದು ಉರಿ ಎದ್ದದ್ದನ್ನು ಬರೆದುಬಿಡುತ್ತೇನೆ. ಇಷ್ಟೆಲ್ಲ ಆದ ಮೇಲೂ ಎದ್ದಿತು.

ಉಳಿದ ವಾರಗಳಲ್ಲಿ ನಾನೂ ಮಗಳೂ ಮತ್ತೆ ಅವಳ ಕಾರಿನಲ್ಲೇ ಹೋದೆವು. ಮರುದಿನ ಬೆಳಿಗ್ಗೆ ಮಗಳು ಕಿಟಕಿಯಿಂದ ಕಾರನ್ನು ಕಂಡು ನನ್ನ ಮುಖ ನೋಡಿದಳು, ನಡಿ ಅಂದೆ. ಕಾರಿನೊಳಗೆ ಮೊದಲಿನಷ್ಟು ನಗು ಇರಲಿಲ್ಲ. ಅವಳು ನನ್ನ ಮಗಳೊಂದಿಗೆ ಮಾತಾಡುವಾಗ ನಡುನಡುವೆ ನನ್ನ ಕಡೆ ನೋಡುತ್ತಿದ್ದಳು, ನನ್ನನ್ನು ಮಾತಿಗೆ ಎಳೆಯುತ್ತಿದ್ದಳು, ಕೆಲವೊಮ್ಮೆ ಬೇಕೆಂದೇ ಸುಮ್ಮನಾಗುತ್ತಿದ್ದಳು. ಅದು ನನಗಾಗಿ ಮಾಡಿದ್ದು ಎಂದು ತಿಳಿದು ನಾಚಿಕೆಯಾಗುತ್ತಿತ್ತು. ಮಾರ್ಚಿನ ಕೊನೆಯಲ್ಲಿ ಅವರು ಹೊರಟರು. ಹೋಟೆಲಿನವರು ಕಳಿಸಿದ ವ್ಯಾನು ಮಧ್ಯಾಹ್ನ ಬಂತು. ನನ್ನ ಮಗಳು ಅವಳ ಸೊಂಟ ಅಪ್ಪಿಕೊಂಡು ತುಳುವಿನಲ್ಲಿ ಏನೋ ಹೇಳಿದಳು, ಅವಳೂ ತುಳುವಿನಲ್ಲೇ ಉತ್ತರ ಕೊಟ್ಟಳು. ಏನು ಹೇಳಿದ್ದೆಂದು ನಾನು ಆಮೇಲೂ ಕೇಳಲಿಲ್ಲ.

ಸಲ್ವಾದ ಶಿಕ್ಷಕಿಯ ಬೂದು ಗಾಡಿಯನ್ನು ನಾವು ತೆಗೆದುಕೊಂಡೆವು. ಮುದುಕ ಅದರ ಎ.ಸಿ.ಯ ಕಂಪ್ರೆಸರ್ ಬದಲಾಯಿಸಬೇಕಾಗುತ್ತದೆ ಎಂದು ಮೊದಲೇ ಎಚ್ಚರಿಸಿದ್ದ. ಮೇ ತಿಂಗಳಲ್ಲಿ ಬದಲಾಯಿಸಬೇಕಾಯಿತು. ಅದಕ್ಕೆ ಮೊದಲಿನ ಒಂದು ವಾರ ಶಾಲೆ ಬಿಡುವ ಹೊತ್ತಿನ ಬಿಸಿಲಿನಲ್ಲಿ ಮಗಳನ್ನು ಕರೆತರುವಾಗ ಇಬ್ಬರೂ ಬೆವರಿನಲ್ಲಿ ತೊಯ್ದು ಹೋಗುತ್ತಿದ್ದೆವು. ಲ್ಯಾಬಿನಲ್ಲಿ ಕೇಳಿಕೊಂಡು ನಾನು ಬೆಳಗಿನ ಶಿಫ್ಟನ್ನು ಬೇಗ ಮುಗಿಯುವ ಹಾಗೆ ಬದಲಾಯಿಸಿಕೊಂಡಿದ್ದೆ. ನನ್ನ ಡ್ರೈವಿಂಗು ಈಗಲೂ ಅವಳ ಹಾಗಿಲ್ಲ. ಎರಡೂ ಕೈಯಲ್ಲಿ ಸ್ಟೀರಿಂಗನ್ನು ಬಿಗಿಯಾಗಿ ಹಿಡಿಯುತ್ತೇನೆ, ಹಿಂದಿನವರು ದೀಪ ಹೊಡೆದರೆ ಬೆನ್ನು ಬೆವರುತ್ತದೆ. ಜಾಬ್ರಿಯಾದಲ್ಲಿ ಕೆಲವು ದಿನ ಸಿಗ್ನಲ್ಲಿನಲ್ಲಿ ಆ ಇಟ್ಟಿಗೆ ಬಣ್ಣದ ಕಾರು ಕಾಣುತ್ತದೆ. ಓಡಿಸುವ ಹುಡುಗಿ ಚಿಕ್ಕವಳು, ಕಪ್ಪು ಕನ್ನಡಕ ಹಾಕಿರುತ್ತಾಳೆ. ಆ ಗಾಡಿ ನನ್ನದಾಗಬಹುದಿತ್ತು ಎಂದು ಪ್ರತಿ ಸಲವೂ ಅನಿಸುತ್ತದೆ.

ಮಗಳು ಮಸ್ಕತ್ತಿಗೆ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಅಡುಗೆಮನೆಯಲ್ಲಿ ನಿಂತು ನಾನು ಕೇಳಿಸಿಕೊಳ್ಳುತ್ತೇನೆ. ಮೊದಮೊದಲು ಕೋಣೆಯ ಬಾಗಿಲು ಮುಚ್ಚಿಕೊಂಡು ಮಾತಾಡುತ್ತಿದ್ದಳು, ಈಗ ಮುಚ್ಚುವುದಿಲ್ಲ ಎನ್ನುವುದಷ್ಟೇ ವ್ಯತ್ಯಾಸ. ನನಗೆ ಈಗಲೂ ಇಂಗ್ಲಿಷಿನಲ್ಲೇ ಉತ್ತರ. ಕಾರಿನಲ್ಲಿ ಮಾತ್ರ, ಅದೂ ಎಲ್ಲ ದಿನ ಅಲ್ಲ, ಏನೋ ನೆನಪಾಗಿ ಅವಳು ಕನ್ನಡದಲ್ಲಿ ಶುರು ಮಾಡುತ್ತಾಳೆ. ಮೊನ್ನೆ ಗೆಳತಿಯೊಬ್ಬಳು ಜಗಳವಾಡಿ ಮಾತು ಬಿಟ್ಟದ್ದನ್ನು ಸಲ್ವಾದಿಂದ ಮನೆಯವರೆಗೆ ಹೇಳಿದಳು. ಆ ಕನ್ನಡ ನನ್ನದಲ್ಲ, ಉಡುಪಿಯದು. ನಾನು ನಡುವೆ ಬಾಯಿ ಹಾಕದೆ, ರಸ್ತೆಯಿಂದ ಕಣ್ಣು ತೆಗೆಯದೆ, ಆಮೇಲೆ ಎಂಥ ಆಯ್ತು ಎಂದು ಕೇಳಿದೆ.